ತಟ್ಟೆ ಓದುವವಳು

"ತಿನ್ನೋದನ್ನ ಕಲಿಯೋಕೂ ಒಂದು ಕಾಲೇಜಾ?"

ಸೊಸೆ ಪೋಷಣಾ ವಿಜ್ಞಾನದ ಎಂ.ಎಸ್ಸಿ.ಗೆ ಸೇರಿದ ದಿನ ಅತ್ತೆಯ ಬಾಯಿಂದ ಬಂದ ಆಶೀರ್ವಾದ ಇದು. "ಹುಟ್ಟಿದ ಮಗುಗೆ ಯಾರಾದ್ರೂ ಹೇಳ್ಕೊಡ್ತಾರಾ? ಬಾಯಿ ತಾನಾಗೇ ಹುಡುಕ್ಕೊಂಡು ಹೋಗುತ್ತೆ. ಇವಳಿಗೆ ಮೂವತ್ತಾರನೇ ವಯಸ್ಸಲ್ಲಿ ಪಾಠ ಬೇಕಾಯ್ತು ನೋಡು!" ಗಂಡ ಲಿಫ್ಟ್ ರಿಪೇರಿ ಮಾಡುವ ಆಸಾಮಿ, ಜಗಳದ ವಾಸನೆ ಬಂದರೆ ಎರಡು ಮಹಡಿ ಮೊದಲೇ ಇಳಿದುಕೊಳ್ಳುವವನು. "ಬಿಡಮ್ಮ, ನಾನು ಜನರನ್ನ ಮೇಲೆ ಕೆಳಗೆ ಮಾಡ್ತೀನಿ, ಇವಳು ಅವರ ತೂಕನ ಮೇಲೆ ಕೆಳಗೆ ಮಾಡ್ಲಿ," ಎಂದು ಮಾತು ತೇಲಿಸಿಬಿಟ್ಟ.

ಹತ್ತು ವರ್ಷ ಶಿಶುವಿಹಾರದಲ್ಲಿ ಪರರ ಮಕ್ಕಳ ಮೂಗು ಒರೆಸಿದ್ದಳು ಅವಳು. ಡಬ್ಬಿಯಲ್ಲಿ ಊಟ ಹಾಗೇ ವಾಪಸ್ ಒಯ್ಯುತ್ತಿದ್ದ ಮಕ್ಕಳನ್ನು ನೋಡಿ ನೋಡಿ, ಊಟದ ಬಗ್ಗೆ ಸರಿಯಾಗಿ ಓದಬೇಕು, ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಬೇಕು ಅನ್ನಿಸಿತ್ತು. ತರಗತಿಯಲ್ಲಿ ಉಳಿದವರೆಲ್ಲ ಮೊನ್ನೆ ಮೊನ್ನೆ ಹಲ್ಲು ಬಂದವರು. ಮೊದಲ ವಾರದಲ್ಲೇ ಅವರೆಲ್ಲ ಸೇರಿ ಇವಳಿಗೆ ಚಿಕ್ಕಮ್ಮ ಎಂದು ಹೆಸರಿಟ್ಟರು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ನಾವೂ ಹಾಗೇ ಕರೆಯೋಣ.

ಬೇಸರ ಮಾಡಿಕೊಳ್ಳದಿರುವುದು ಆಗ ಸ್ವಭಾವವಾಗಿತ್ತು, ಆಮೇಲೆ ಕಾಯಿಲೆಯಾಯಿತು. ಮೊದಲ ವರ್ಷದ ಪರೀಕ್ಷೆಯ ಹಿಂದಿನ ದಿನ ಚಿಕ್ಕಮ್ಮನ ತಾಯಿ ತೀರಿಕೊಂಡರು. ಕುರ್ಚಿಯಲ್ಲಿ ಕೂತು ಕಾಲುಚೀಲ ಹಾಕಿಕೊಳ್ಳುತ್ತಿದ್ದವರು ಹಾಗೇ ಒರಗಿದರಂತೆ. ಒಂದು ಕಾಲಿಗೆ ಹಾಕಿ ಆಗಿತ್ತು, ಇನ್ನೊಂದು ಕೈಯಲ್ಲೇ ಇತ್ತು. ಚಿಕ್ಕಮ್ಮ ಹೋದಳು, ಆಗಬೇಕಾದ್ದನ್ನೆಲ್ಲ ನಿಂತು ಮಾಡಿಸಿದಳು, ಮರುದಿನ ಬಂದು ಪರೀಕ್ಷೆ ಬರೆದಳು. ಫಲಿತಾಂಶ ಬಂದಾಗ ಎಲ್ಲರಿಗಿಂತ ಮೇಲಿದ್ದಳು. ಗಟ್ಟಿ ಹೆಣ್ಣು ಅಂದರು ಜನ. ಜನಕ್ಕೇನು, ಅಳದಿದ್ದರೆ ಗಟ್ಟಿ ಅನ್ನುತ್ತಾರೆ, ಅತ್ತರೆ ನಾಟಕ ಅನ್ನುತ್ತಾರೆ. ಒಳಗೆ ಏನಾಗಿತ್ತೆಂದರೆ, ಏನೂ ಆಗಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವರ ದವಡೆಯ ಹಾಗೆ ಅವಳ ಇಡೀ ಎದೆ ಜೋಮು ಹಿಡಿದಿತ್ತು. ಇವತ್ತು ಬಿಡುತ್ತೆ, ನಾಳೆ ಬಿಡುತ್ತೆ ಅಂತ ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು.

ನಾಲಿಗೆಗೂ ಅದೇ ಗತಿ. ಒಂದು ದಿನ ಗಂಡ ಅಡುಗೆ ಮಾಡಿ ಉಪ್ಪು ಹಾಕುವುದನ್ನೇ ಮರೆತ. ಅತ್ತೆ ಒಂದು ತುತ್ತಿಗೇ ಥೂ ಎಂದು ಮೇಲೆದ್ದರು. ಚಿಕ್ಕಮ್ಮನ ತಟ್ಟೆ ಅಷ್ಟರಲ್ಲಿ ಖಾಲಿ.

"ನೋಡಪ್ಪಾ ನೋಡು, ಊಟದ ಡಾಕ್ಟರ್ ಆಗ್ತಾಳಂತೆ! ಉಪ್ಪಿಲ್ಲ ಅನ್ನೋದೇ ಗೊತ್ತಾಗ್ಲಿಲ್ಲ ಇವಳಿಗೆ!"

ಗಂಡ ನಕ್ಕ, ಅತ್ತೆಯೂ ನಕ್ಕರು, ಚಿಕ್ಕಮ್ಮನೂ ನಕ್ಕಳು. ನಗುವುದಕ್ಕೆ ತುಟಿ ಸಾಕಲ್ಲ. ರಾತ್ರಿ ಗಂಡ ಅವಳ ಕೈ ಹಿಡಿದು, "ಏನಾದ್ರೂ ಹೇಳೇ," ಅಂದ. ನಾಳೆ ಬೇಗ ಏಳಬೇಕು ಎಂದಳು.

ಎರಡನೇ ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಪದವಿ ಬೇಕಾದರೆ ಒಬ್ಬ ರೋಗಿಯನ್ನು ಹಿಡಿದು, ಅವನಿಗೆ ಆಹಾರ ಗೊತ್ತುಮಾಡಿ, ಆಸ್ಪತ್ರೆಯಿಂದ ಹೊರಡುವ ತನಕ ಬೆನ್ನಿಗಿದ್ದು, ಕೊನೆಗೆ ಪರೀಕ್ಷಕರ ಮುಂದೆ ಒಪ್ಪಿಸಬೇಕು. ಅಲ್ಲಿನ ಹಿರಿಯ ಡಯಟಿಷಿಯನ್ ಮೇಡಂ ಬಾಯಿ ತೆರೆದರೆ ಗ್ರಾಂ. ಪ್ರೋಟೀನು ಇಷ್ಟು ಗ್ರಾಂ, ಎಣ್ಣೆ ಇಷ್ಟು ಗ್ರಾಂ, ಯಾರಾದರೂ ಪ್ರೀತಿ ಅಂದರೂ ಎಷ್ಟು ಗ್ರಾಂ ಅಂತ ಕೇಳುವ ಪೈಕಿ. ಹುಡುಗಿಯರು ಬೆನ್ನ ಹಿಂದೆ ಗ್ರಾಂ ಮೇಡಂ ಅನ್ನುತ್ತಿದ್ದರು. ಅವರ ಮೇಜಿನ ಮೇಲೆ ರೋಗಿಗಳಿಗೆ ತೋರಿಸಿ ಹೇಳುವುದಕ್ಕೆಂದು ರಬ್ಬರಿನ ಸೇಬು, ರಬ್ಬರಿನ ಬ್ರೆಡ್ಡು, ರಬ್ಬರಿನ ಅರ್ಧ ಮೊಟ್ಟೆ ಇದ್ದವು. ಸಿಟ್ಟು ಬಂದಾಗ ಮೇಡಂ ಆ ಅರ್ಧ ಮೊಟ್ಟೆಯನ್ನು ಹಿಚುಕುತ್ತಿದ್ದರು.

ಅಲ್ಲಿ ಮೊದಲು ಕಲಿಸುವ ವಿದ್ಯೆ ತಟ್ಟೆ ಓದುವುದು. ಊಟವಾದ ಮೇಲೆ ವಾರ್ಡಿನಿಂದ ತಳ್ಳುಗಾಡಿಯಲ್ಲಿ ತಟ್ಟೆಗಳು ವಾಪಸ್ ಬರುತ್ತವಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೊಂದನ್ನೂ ನೋಡಿ ಹೇಳಬೇಕು. ಪೂರ್ತಿ ತಿಂದಿದ್ದಾರೆ, ಮುಕ್ಕಾಲು, ಅರ್ಧ, ಕಾಲು, ಮುಟ್ಟಿಲ್ಲ. ತಕ್ಕಡಿ ಬೇಡ, ಕಣ್ಣಳತೆ ಸಾಕು. ಊಟದ ಹೊತ್ತಿಗೆ ವಾರ್ಡಿಗೆ ಹೋಗಿ ರೋಗಿಯ ಎದುರು ನಿಲ್ಲುವಂತಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಯಾರ ಗಂಟಲಲ್ಲಿ ಇಳಿಯುತ್ತದೆ ಹೇಳಿ? ಆಮೇಲೆ ಕೇಳಿದರೆ ಎಲ್ಲರೂ ಚೆನ್ನಾಗಿ ತಿಂದೆ ಅಂತಲೇ ಅನ್ನುತ್ತಾರೆ. ಆದ್ದರಿಂದ ಗ್ರಾಂ ಮೇಡಂ ಪ್ರತಿ ವರ್ಷ ಪ್ರತಿ ತಂಡಕ್ಕೂ ಹೇಳುವ ಮಾತು ಒಂದೇ: "ರೋಗಿ ಸುಳ್ಳು ಹೇಳ್ತಾನೆ, ತಟ್ಟೆ ಸುಳ್ಳು ಹೇಳಲ್ಲ."

ಚಿಕ್ಕಮ್ಮನಿಗೆ ಈ ಕೆಲಸ ಹಿಡಿಸಿತು. ಮುಖ ನೋಡಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ಅವಳ ಕಣ್ಣಳತೆ ಎಷ್ಟು ಪಕ್ಕಾ ಎಂದರೆ ಅಡುಗೆಮನೆಯವರು ಅವಳನ್ನೇ ತಕ್ಕಡಿ ಅಂದರು.

ಅವಳ ಪಾಲಿಗೆ ಬಂದ ರೋಗಿ ಬೀಗದ ತಾತ. ಜೀವಮಾನವೆಲ್ಲ ಬೀಗ ರಿಪೇರಿ ಮಾಡಿದವನು. ಕೀಲಿ ಕಳೆದುಕೊಂಡು ಬಾಗಿಲ ಮುಂದೆ ನಿಂತು ಅರ್ಧ ಊರೇ ಅವನ ಪರಿಚಯ ಮಾಡಿಕೊಂಡಿತ್ತು. ಜೊತೆಗೆ ಅವನ ಹೆಂಡತಿ, ಅಜ್ಜಿ, ಗುಬ್ಬಚ್ಚಿಯಷ್ಟು ಇದ್ದಳು. ಮಕ್ಕಳಿಲ್ಲ. ನನಗೆ ನೀನು, ನಿನಗೆ ನಾನು ಅನ್ನುವ ಸಂಸಾರ. ತಾತನ ಜಠರದಲ್ಲಿ ಗಡ್ಡೆ. ಕತ್ತರಿಸಿ ತೆಗೆಯಬಹುದು, ಆದರೆ ಕತ್ತರಿ ತಡೆದುಕೊಳ್ಳುವಷ್ಟು ಮೈಯಲ್ಲಿ ಕಸುವಿಲ್ಲ. ಸರ್ಜನ್ ಮಾತು ಕಡ್ಡಿ ಮುರಿದ ಹಾಗೆ. "ಮೂರು ವಾರ ಟೈಮ್ ಕೊಡ್ತೀನಿ. ಚೆನ್ನಾಗಿ ತಿನ್ನಿಸಿ, ಮೈ ಕೈ ತುಂಬಿಸಿ ಕೊಡಿ. ಗಡ್ಡೆ ಅದಕ್ಕಿಂತ ಜಾಸ್ತಿ ಕಾಯಲ್ಲ." ಅಂದರೆ ತಾತನ ಜೀವ ಈಗ ಅವನ ತುತ್ತಿನಲ್ಲಿತ್ತು, ಆ ತುತ್ತು ಚಿಕ್ಕಮ್ಮನ ಕೈಯಲ್ಲಿತ್ತು.

ಅವಳು ಆಹಾರ ಗೊತ್ತುಮಾಡಿದಳು. ಬೇಯಿಸಿದ ಮೊಟ್ಟೆ, ನೆಲಗಡಲೆ ಪುಡಿ ಬೆರೆಸಿದ ದಪ್ಪ ಹಾಲು, ಬೆಣ್ಣೆ ಹಚ್ಚಿದ ಬ್ರೆಡ್ಡು, ಬೇಳೆ, ಮೆತ್ತಗಿನ ಮಾಂಸ. ಗ್ರಾಂ ಮೇಡಂ ಕೂಡ ತಿದ್ದಲಿಲ್ಲ. ಮೊದಲ ದಿನ ಮಧ್ಯಾಹ್ನದ ತಟ್ಟೆ ಹೋದಂತೆಯೇ ವಾಪಸ್ ಬಂತು. ಸಂಜೆ ಚಿಕ್ಕಮ್ಮ ವಾರ್ಡಿಗೆ ಹೋದಳು. ತಾತ ಮೊಣಕಾಲ ತನಕ ಕಂಬಳಿ ಹೊದ್ದು ಕೂತಿದ್ದ. "ಬಾಯಿಗಿಟ್ರೆ ಮಣ್ಣು ಕಣಮ್ಮ," ಅಂದ. ಅವಳು ಅಲ್ಲಿನ ಎಲ್ಲರೂ ಎಲ್ಲ ರೋಗಿಗಳಿಗೂ ಹೇಳುವ ಮಾತನ್ನು ಹೇಳಿದಳು: "ಹೀಗೇ ತಟ್ಟೆ ಬಿಟ್ರೆ ಮೂಗಿಂದ ಹೊಟ್ಟೆ ತನಕ ನಳಿಗೆ ಹಾಕ್ಬೇಕಾಗುತ್ತೆ, ನೋಡಿ."

ಎಲುಬಿಲ್ಲದ ನಾಲಿಗೆ. ಹೇಳಿದಳು, ಮುಂದಿನ ಹಾಸಿಗೆಗೆ ಹೋದಳು. ತಾತನ ಮುಖ ಬಿಳಚಿಕೊಂಡದ್ದನ್ನು ನೋಡಲಿಲ್ಲ, ಅಜ್ಜಿ ಅವನ ಕೈ ಹಿಡಿದದ್ದನ್ನೂ ನೋಡಲಿಲ್ಲ. ಹಿಂದಿನಿಂದ ತಾತ ತಮಾಷೆಗೆ ಕೂಗಿದ. "ಜೀವಮಾನವೆಲ್ಲ ಬೀಗದ ತೂತಿಗೆ ತಂತಿ ತೂರಿಸಿದೋನು ನಾನು. ಈಗ ನನ್ನ ಮೂಗಿಗೇ ತೂರಿಸ್ತೀಯೇನಮ್ಮಾ?" ಸುತ್ತಲಿನವರೆಲ್ಲ ನಕ್ಕರು.

ಮರುದಿನದಿಂದ ಬೀಗದ ತಾತನ ತಟ್ಟೆ ತೊಳೆದಿಟ್ಟಂತೆ ಬರತೊಡಗಿತು. ಮೊಟ್ಟೆಯ ಚೂರಿಲ್ಲ, ಹಾಲಿನ ಗೆರೆಯಿಲ್ಲ. ಪೂರ್ತಿ, ಪೂರ್ತಿ, ಪೂರ್ತಿ. "ಎಷ್ಟು ವರ್ಷದಿಂದ ನೋಡ್ತಿದೀನಿ, ಇಂಥ ರೋಗಿ ಸಿಗಲ್ಲ. ನಿನ್ನ ಕೈಗುಣ ಕಣೇ," ಅಂದರು ಗ್ರಾಂ ಮೇಡಂ. ಅವರ ಬಾಯಲ್ಲಿ ಗ್ರಾಂ ಇಲ್ಲದ ವಾಕ್ಯ ಬಂದದ್ದು ಅದೇ ಮೊದಲಿರಬೇಕು. ಹುಡುಗಿಯರು ಚಪ್ಪಾಳೆ ತಟ್ಟಿದರು. ಚಿಕ್ಕಮ್ಮನಿಗೆ ಸಂತೋಷ ಆಗಬೇಕಿತ್ತು. ಆಗಬೇಕು ಅನ್ನುವುದು ಗೊತ್ತಿತ್ತು, ಅಷ್ಟೇ.

ತೂಕವೂ ಸಾಕ್ಷಿ ಹೇಳಿತು. ವಾರಕ್ಕೊಮ್ಮೆ ತೂಗಿದರೆ ಕಡಿಮೆಯಿಲ್ಲ, ಕೊನೆಯ ವಾರ ಒಂದಿಷ್ಟು ಏರಿತ್ತು ಕೂಡ. ರಕ್ತದ ವರದಿಯಲ್ಲಿ ಪ್ರೋಟೀನು ಕೆಳಗಿತ್ತು. ಗಡ್ಡೆಯಿರುವ ಮೈಯಲ್ಲಿ ಅದು ಹಾಗೇ ಇರುತ್ತದೆ ಎಂದು ಎಲ್ಲರೂ ಒಪ್ಪಿಕೊಂಡರು. ತಟ್ಟೆ ಖಾಲಿ, ತೂಕ ಮೇಲೆ, ಇನ್ನೇನು ಬೇಕು? ಇನ್ನೊಂದು ಬೇಕಿತ್ತು. ತಕ್ಕಡಿಗೆ ಮಾಂಸವೂ ಒಂದೇ, ನೀರೂ ಒಂದೇ. ಹೊಟ್ಟೆಗಿಲ್ಲದವರ ಕಾಲಲ್ಲಿ ನೀರು ನಿಂತು ಊದಿಕೊಳ್ಳುತ್ತದೆ, ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಸಾಕು, ಗುಳಿ ಬೀಳುತ್ತದೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪುಟಗಟ್ಟಲೆ ಬರೆದು ಪೂರ್ತಿ ಅಂಕ ತೆಗೆದವಳು ಚಿಕ್ಕಮ್ಮ. ಒತ್ತಿ ನೋಡಲಿಲ್ಲ. ತಾತ ಚಳಿ ಚಳಿ ಎಂದು ಕಂಬಳಿ ತೆಗೆಯುತ್ತಿರಲಿಲ್ಲ, ಅವಳಿಗೂ ತೆಗೆಸಬೇಕು ಅನ್ನಿಸಲಿಲ್ಲ. ಅನ್ನಿಸುವುದೇ ನಿಂತುಹೋಗಿತ್ತಲ್ಲ.

ಈ ಮಧ್ಯೆ ವಾರ್ಡಿನಲ್ಲಿ ಒಂದು ತಮಾಷೆ ಹುಟ್ಟಿಕೊಂಡಿತು. ಗುಬ್ಬಚ್ಚಿಯಂತೆ ಬಂದಿದ್ದ ಅಜ್ಜಿಯ ಕೆನ್ನೆ ತುಂಬಿಕೊಂಡಿತ್ತು. ಕೈ ತೊಳೆಯುವಾಗ ಉಂಗುರ ಬೆರಳಿಂದ ಈಚೆ ಬರುತ್ತಿರಲಿಲ್ಲ. ನರ್ಸಮ್ಮ ಔಷಧಿ ಕೊಡಲು ಬಂದವಳು, "ಏನಜ್ಜೀ, ಜನ ಆಸ್ಪತ್ರೆಗೆ ಬಂದು ಸೊರಗ್ತಾರೆ, ನಿಮಗೆ ಇಲ್ಲಿನ ಗಾಳಿ ಹಿಡಿಸ್ಬಿಟ್ಟಿದೆ!" ಎಂದಳು. ಅಜ್ಜಿ ಗಳಗಳನೆ ಅತ್ತುಬಿಟ್ಟಳು. ಗಂಡನ ಚಿಂತೆ ಪಾಪ, ಅಂದುಕೊಂಡರು ಎಲ್ಲರೂ. ಚಿಕ್ಕಮ್ಮನೂ ಅಲ್ಲೇ ಇದ್ದಳು. ಅಜ್ಜಿ ಆರೋಗ್ಯವಾಗಿದ್ದಾರೆ ಅನ್ನಿಸಿತು ಅವಳಿಗೆ.

ಸರ್ಜನ್ ಬಂದು ತೂಕ ಕೇಳಿದರು, ತಟ್ಟೆಯ ಲೆಕ್ಕ ಕೇಳಿದರು, ತಲೆಯಾಡಿಸಿದರು. "ನಾಳೆ ಬೆಳಿಗ್ಗೆ ಮೊದಲನೇ ಆಪರೇಷನ್ ಇವರದ್ದೇ."

ಅವತ್ತು ಮಧ್ಯಾಹ್ನ ಅಡುಗೆಮನೆಯಲ್ಲಿ ಎಡವಟ್ಟಾಯಿತು. ನೆಲಗಡಲೆ ಮುಟ್ಟಿದರೆ ಮೈಯೆಲ್ಲ ಊದುವ ಒಬ್ಬ ರೋಗಿಯ ತಟ್ಟೆ, ತಾತನ ತಟ್ಟೆ, ಎರಡೂ ಅದಲುಬದಲಾಗಿ ಹೋಗಿವೆ ಎಂದು ಗೊತ್ತಾದಾಗ ಗಾಡಿ ಆಗಲೇ ವಾರ್ಡು ಮುಟ್ಟಿತ್ತು. ಊಟದ ಹೊತ್ತಿಗೆ ವಾರ್ಡಿಗೆ ಹೋಗಬಾರದು ಅನ್ನುವ ನಿಯಮವನ್ನು ಪಕ್ಕಕ್ಕಿಟ್ಟು ಚಿಕ್ಕಮ್ಮ ಓಡಿದಳು. ಆ ರೋಗಿ ಮುಟ್ಟುವ ಮೊದಲೇ ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡಳು. ಅದನ್ನು ತಾತನಿಗೆ ಕೊಟ್ಟು ಅಲ್ಲಿರುವುದನ್ನು ತರೋಣವೆಂದು ತಾತನ ಹಾಸಿಗೆಯ ಪರದೆ ಸರಿಸಿದಳು.

ಅಜ್ಜಿ ಹಾಸಿಗೆಯ ಅಂಚಿನಲ್ಲಿ ಕೂತು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅಗಿಯುತ್ತಿದ್ದಳು. ಕೆನ್ನೆಯ ಮೇಲೆ ನೀರು. ತಾತ ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಚಮಚ ಹಿಡಿದು, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳುತ್ತಿದ್ದ. "ಇನ್ನೊಂದು. ಇದೊಂದು ನುಂಗ್ಬಿಡು ನನ್ನವ್ವ. ಇವತ್ತೇ ಕೊನೆ. ನಾಳೆ ಕತ್ತರಿಸ್ಬಿಡ್ತಾರೆ, ಆಮೇಲೆ ಯಾರೂ ನಿಂಗೆ ತಿನ್ನು ಅನ್ನಲ್ಲ."

ಚಿಕ್ಕಮ್ಮ ನಿಂತೇ ಇದ್ದಳು. ಎದೆ ಧಸಕ್ ಅನ್ನಬೇಕಾದ ಜಾಗದಲ್ಲಿ ಸದ್ದೇ ಇಲ್ಲ.

ಅಜ್ಜಿ ಕಣ್ಣು ಬಿಟ್ಟಳು. ಬಾಯಲ್ಲಿದ್ದುದು ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಷ್ಟಪಟ್ಟು ನುಂಗಿ, "ನಂದೇನೂ ಆಸೆ ಇಲ್ಲಮ್ಮ," ಅಂದಳು. "ಕದ್ದು ತಿಂದೋಳಲ್ಲ ನಾನು. ಇವರೇ ತಿನ್ನಿಸೋದು. ನೀನು ನಳಿಗೆ ಅಂದ್ಯಲ್ಲ, ಅವತ್ತಿಂದ."

"ನಮ್ಮಣ್ಣಂಗೆ ಹಾಕಿದ್ರು," ಅಂದ ತಾತ. ಈಗ ತಮಾಷೆಯಿಲ್ಲ. "ಕಿತ್ಕೋತಾನೆ ಅಂತ ಕೈ ಎರಡೂ ಮಂಚಕ್ಕೆ ಕಟ್ಟಿದ್ರು. ಹಾಗೇ ಹೋದ. ಕೊನೇಗೆ ಅವನ ಮೂಗಿನ ತುದಿ ಕೆರೀತಿತ್ತು, ಅದನ್ನೂ ನಾನು ಕೆರೀಬೇಕಾಯ್ತು. ನಂಗೆ ಸಾಯೋಕೆ ಭಯ ಇಲ್ಲಮ್ಮ, ಅದಕ್ಕೆ ಭಯ."

"ಮೊದಲೇ ಹೇಳ್ಬೇಕಿತ್ತು," ಅಂದಳು ಚಿಕ್ಕಮ್ಮ.

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಕಂಬಳಿ ಸರಿಸಿದಳು. ಬಾಳೆದಿಂಡಿನಂತೆ ಊದಿದ ಕಾಲು, ಅದರ ಮೇಲೆ ಒಣಗಿದ ತೊಡೆ. ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಗುಳಿ ಬಿತ್ತು. ಏಳಲಿಲ್ಲ. ಮೂವರೂ ಆ ಗುಳಿಯನ್ನೇ ನೋಡಿದರು.

"ಹೊಟ್ಟೆಗಿಲ್ಲದ ಮೈನ ಕತ್ತರಿಸಿದ್ರೆ ಹೊಲಿಗೆ ಕೂಡಲ್ಲ ತಾತ. ಒಳಗೇ ಬಿಟ್ಕೊಳ್ಳುತ್ತೆ," ಎಂದಳು ಅವಳು, ಪಾಠ ಒಪ್ಪಿಸುವ ದನಿಯಲ್ಲಿ.

"ಬಿಟ್ಕೊಳ್ಳಲಿ. ಇವತ್ತೊಂದು ದಿನ ಸುಮ್ನಿರು. ನಿಂಗೂ ಒಳ್ಳೇದು, ನಂಗೂ ಒಳ್ಳೇದು. ಪಾಸಾಗ್ತೀಯ." ತಾತ ಅವಳ ಬಿಳಿ ಕೋಟಿನ ತೋಳು ಹಿಡಿದುಕೊಂಡ. ಬೀಗಗಳ ಒಳಗನ್ನು ಬೆರಳಲ್ಲೇ ಕಂಡಿದ್ದ ಕೈ ಅದು. "ನೀನು ನನ್ನ ಮಗಳ ಹಾಗೆ. ಹೇಳ್ಬೇಡಮ್ಮ."

ಅವಳು ತೋಳು ಬಿಡಿಸಿಕೊಂಡು ಹೋಗಿ ಹೇಳಿದಳು. ಧೈರ್ಯ ಅನ್ನಬೇಡಿ. ಧೈರ್ಯಕ್ಕೆ ಮೊದಲು ಭಯ ಬೇಕು, ಅವಳಲ್ಲಿ ಅದೂ ಇರಲಿಲ್ಲ. ಎರಡು ಮತ್ತೆರಡು ನಾಲ್ಕು ಅನ್ನುವ ಹಾಗೆ ಹೇಳಿದಳು.

ಗ್ರಾಂ ಮೇಡಂ ಕೈಯಲ್ಲಿ ರಬ್ಬರ್ ಮೊಟ್ಟೆ ಚಪ್ಪಟೆಯಾಯಿತು. "ಮೂರು ವಾರ! ಮೂರು ವಾರ ಪೂರ್ತಿ ಪೂರ್ತಿ ಅಂತ ಹೇಳ್ಕೊಂಡು ಬಂದ್ಯಲ್ಲೇ! ಹಾಗಾದ್ರೆ ನಿನ್ನ ಡಯಟ್ ಏನೂ ಫಲ ಕೊಡ್ಲಿಲ್ಲ?"

"ಕೊಟ್ಟಿದೆ ಮೇಡಂ. ಅಜ್ಜಿಗೆ."

ಅವಳು ತಲೆಹರಟೆ ಮಾಡಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಿದ್ದಳು. ಮೇಡಂ ಕುರ್ಚಿಯಲ್ಲಿ ಕುಸಿದು, "ನಾನಾಗಿದ್ರೂ ನಂಬ್ತಿದ್ದೆ," ಅಂದರು. "ತಟ್ಟೆ ಅಷ್ಟು ಕ್ಲೀನಾಗಿತ್ತು. ಆದ್ರೆ ಕಾಲು ನೋಡ್ತಿದ್ದೆ ಕಣೇ. ಕಾಲು ನೋಡ್ತಿದ್ದೆ." ಈ ರೋಗಿಯನ್ನು ಬಿಟ್ಟು ಬೇರೊಬ್ಬರನ್ನು ಹಿಡಿಯಬೇಕು, ಮತ್ತೆ ಮೊದಲಿಂದ, ಪದವಿ ಮುಂದಿನ ವರ್ಷಕ್ಕೆ ಹೋಗುತ್ತದೆ ಎಂದರು. ಚಿಕ್ಕಮ್ಮ ಆಗಲಿ ಎಂದಳು. ಅಷ್ಟು ಸಲೀಸಾಗಿ ಅಂದದ್ದಕ್ಕೆ ಮೇಡಂಗೆ ಇನ್ನೂ ಸಿಟ್ಟು ಬಂತು.

ಆಪರೇಷನ್ ನಿಂತಿತು. ನಳಿಗೆ ಬಂತು. ತಾತ ಒದ್ದಾಡಲಿಲ್ಲ, ಕೈ ಕಟ್ಟಬೇಕಾಗಲಿಲ್ಲ. ಚಾವಣಿ ನೋಡುತ್ತ ಮಲಗಿದ್ದ, ಮೂಗಿನಿಂದ ತೆಳು ಹಾಲು ಹನಿ ಹನಿಯಾಗಿ ಇಳಿಯುತ್ತಿತ್ತು. ಬರಗೆಟ್ಟ ಮೈಗೆ ಒಮ್ಮೆಲೇ ಸುರಿದರೆ ಅದೇ ಕುತ್ತು, ನಿಧಾನಕ್ಕೇ ಕೊಡಬೇಕು. ಚಿಕ್ಕಮ್ಮ ದಿನವೂ ಹೋಗಿ ಕಾಲು ಒತ್ತಿ ನೋಡುತ್ತಿದ್ದಳು. ಅವಳ ರೋಗಿಯಲ್ಲ ಈಗ, ಆದರೂ ಹೋಗುತ್ತಿದ್ದಳು. ಯಾಕೆ ಅಂತ ಗಂಡ ಕೇಳಿದ್ದಕ್ಕೆ, ಗೊತ್ತಿಲ್ಲ ಎಂದಳು. ತಾತ ಅವಳ ಜೊತೆ ಮಾತಾಡುತ್ತಿರಲಿಲ್ಲ. ಅವಳು ಬಂದರೆ ಕಣ್ಣು ಮುಚ್ಚುತ್ತಿದ್ದ.

ನೀರು ಇಳಿಯಿತು. ತೂಕ ಇಳಿಯಿತು. ಅದು ಒಳ್ಳೆಯ ಲಕ್ಷಣ ಎಂದರು ಮೇಡಂ, ಈಗ ನಿಜವಾದ ತೂಕ ಗೊತ್ತಾಗುತ್ತಿದೆ. ವಾರ್ಡಿನಲ್ಲಿ ಸ್ವಲ್ಪ ಆಸೆ ಚಿಗುರಿತು. ಸರ್ಜನ್ ಮತ್ತೊಮ್ಮೆ ಒಳಗಿನ ಚಿತ್ರ ತೆಗೆಸಿದರು. ಗಡ್ಡೆ ಸುಮ್ಮನೆ ಕೂತಿರಲಿಲ್ಲ, ಯಕೃತ್ತಿಗೆ ದಾಟಿತ್ತು. "ಇನ್ನು ಕತ್ತರಿಸಿ ಪ್ರಯೋಜನ ಇಲ್ಲ. ಒಂದು ತಿಂಗಳ ಹಿಂದೆಯೇ ಇವರು..." ಎಂದು ಶುರುಮಾಡಿದವರು ಚಿಕ್ಕಮ್ಮ ಅಲ್ಲಿ ನಿಂತಿರುವುದನ್ನು ಕಂಡು ಮಿಕ್ಕಿದ್ದನ್ನು ನುಂಗಿಕೊಂಡರು. ಒಳ್ಳೆಯ ಮನುಷ್ಯ. ಆದರೆ ಅವಳು ಮಿಕ್ಕಿದ್ದನ್ನೂ ಕೇಳಿಸಿಕೊಂಡಳು.

ಇತ್ತ ಅಜ್ಜಿ ಊಟ ಬಿಟ್ಟಿದ್ದಳು. ವಾರ್ಡಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಆಸ್ಪತ್ರೆಯಲ್ಲಿ ಗುಟ್ಟು ಎಲ್ಲಿ ನಿಲ್ಲುತ್ತದೆ. ಪಕ್ಕದ ಹಾಸಿಗೆಯವನ ತಂಗಿ ಬೇಕೆಂದೇ ಕೇಳಿಸುವ ಹಾಗೆ, "ಬೇಲಿಯೇ ಎದ್ದು ಹೊಲ ಮೇಯ್ತಂತೆ," ಅಂದಿದ್ದಳು. ಅಂಥ ನಾಲಿಗೆಗೆ ಹುಳ ಬೀಳ! ಅಜ್ಜಿ ನೀರು ಕುಡಿಯುತ್ತಿದ್ದಳು, ಬೇರೇನೂ ಮುಟ್ಟುತ್ತಿರಲಿಲ್ಲ. ತುಂಬಿದ ಕೆನ್ನೆಯನ್ನು ಕೈಯಲ್ಲಿ ಮುಚ್ಚಿಕೊಂಡೇ ಓಡಾಡುತ್ತಿದ್ದಳು. ಒಮ್ಮೆ ಕೈ ತೊಳೆಯುವ ಜಾಗದಲ್ಲಿ ಚಿಕ್ಕಮ್ಮನಿಗೆ ಎದುರಾದಾಗ ತನ್ನ ತೋಳಿನ ಮಾಂಸ ಚಿವುಟಿ ತೋರಿಸಿ, "ಇದು ಅವರದ್ದು ಕಣಮ್ಮ. ಇದನ್ನ ವಾಪಸ್ ಕೊಡೋಕೆ ನಿಮ್ಮ ಓದಿನಲ್ಲಿ ದಾರಿ ಇದೆಯಾ?" ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ. ಇದ್ದರೂ ಇರಬಹುದು ಎಂದು ಕೇಳಿದ ಹಾಗಿತ್ತು. ಇಲ್ಲ ಎಂದಳು ಚಿಕ್ಕಮ್ಮ.

ತಾತ ನಳಿಗೆ ತೆಗೆಸಿಕೊಂಡ. ಮನೆಗೆ ಹೊರಡುವ ಬೆಳಿಗ್ಗೆ ತನ್ನ ಸ್ವಂತ ಅಂಗಿ ತೊಟ್ಟು, ಅದರೊಳಗೆ ಕಳೆದುಹೋದವನಂತೆ ಕೂತಿದ್ದ. ಅಜ್ಜಿ ಹೊರಗೆ ಪಡಸಾಲೆಯ ಬೆಂಚಿನ ಮೇಲಿದ್ದಳು. ಚಿಕ್ಕಮ್ಮ ಬಾಗಿಲಿಂದ ಹಾದುಹೋಗುತ್ತಿದ್ದಾಗ ಒಳಗಿಂದ, "ಬಾಮ್ಮ ಇಲ್ಲಿ," ಎಂದು ಕರೆದ.

ಹೋಗಿ ನಿಂತಳು. "ನನ್ನ ಮೇಲೆ ಕೋಪಾನಾ ತಾತ?"

"ಕೋಪಕ್ಕೂ ಹೊಟ್ಟೆಗೆ ಬಿದ್ದಿರ್ಬೇಕು ಕಣಮ್ಮ. ಅದಿರ್ಲಿ. ಅವಳು ಏನೂ ತಿಂತಿಲ್ಲ. ನಾನಿನ್ನೆಷ್ಟು ದಿನ, ಇವಳು ಹೀಗೇ ಕೂತ್ರೆ ನನಗಿಂತ ಮೊದಲೇ ಹೊರಡ್ತಾಳೆ. ಬೇಡ್ಕೊಂಡೆ, ಬೈದೆ, ಅತ್ತೆ. ಜಗ್ಗಲ್ಲ ಅಂತಾಳೆ. ನೀನು ಹೇಳು."

"ನಾನು ಏನಂತ ಹೇಳ್ಲಿ ತಾತ?"

"ಹೆದರಿಸು. ಮೂಗಿಗೆ ನಳಿಗೆ ಹಾಕ್ತೀನಿ ಅನ್ನು." ತಾತ ಅವಳನ್ನು ನೇರ ನೋಡಿದ. "ನೀನು ಚೆನ್ನಾಗಿ ಹೆದರಿಸ್ತೀಯ."

ಕುಹಕವಲ್ಲ ಅದು. ಕಸುಬಿನವನೊಬ್ಬ ಇನ್ನೊಬ್ಬ ಕಸುಬಿನವನ ಕೆಲಸವನ್ನು ಹೊಗಳುವ ದನಿ.

ಚಿಕ್ಕಮ್ಮ ಪಡಸಾಲೆಗೆ ಬಂದಳು. ಅಜ್ಜಿಯ ಪಕ್ಕದಲ್ಲಿ ಯಾರೋ ತಂದಿಟ್ಟ ಬ್ರೆಡ್ಡು, ಹಾಲು ಹಾಗೇ ಇತ್ತು. ಮುಟ್ಟಿಲ್ಲ. ಅವಳು ಬೆಂಚಿನ ಮೇಲೆ ಕೂತಳು. ಎಷ್ಟೋ ಹಾಸಿಗೆಗಳ ಬದಿಯಲ್ಲಿ ಹೇಳಿದ ಮಾತು, ನಿದ್ದೆಯಲ್ಲೂ ತಪ್ಪದೆ ಬರುವ ಮಾತು. "ಅಜ್ಜೀ, ಹೀಗೇ ತಟ್ಟೆ ಬಿಟ್ರೆ," ಎಂದು ಶುರುಮಾಡಿದಳು. ಮುಂದಕ್ಕೆ ಬರಲಿಲ್ಲ. ಇನ್ನೊಮ್ಮೆ ಬಾಯಿ ತೆರೆದಳು. ಗಂಟಲಿಂದ ಬಂದದ್ದು ಮಾತಲ್ಲ. ಮೊದಲು ಕೆಮ್ಮು ಅಂದುಕೊಂಡಳು. ಆಮೇಲೆ ಗೊತ್ತಾಯಿತು, ಅಳು. ಜೋಮು ಬಿಡುವಾಗ ನೋಯುತ್ತದೆ ಅನ್ನುವುದನ್ನು ಅವಳು ಮರೆತೇಬಿಟ್ಟಿದ್ದಳು. ತಾತ, ಅಜ್ಜಿ, ಒಂದು ಕಾಲಿಗಷ್ಟೇ ಕಾಲುಚೀಲ ಹಾಕಿದ್ದ ಅಮ್ಮ, ಎಲ್ಲ ಒಟ್ಟಿಗೇ ನೋಯತೊಡಗಿತು. ಬಿಳಿ ಕೋಟಿನ ತೋಳಿಗೆ ಮೂಗು ಒರೆಸಿಕೊಂಡು, ಶಿಶುವಿಹಾರದ ಮಕ್ಕಳ ಹಾಗೆ ಬಿಕ್ಕಿದಳು. "ತಪ್ಪಾಯ್ತು ಅಜ್ಜಿ, ನಂದು ತಪ್ಪಾಯ್ತು, ನಾನು ಕೇಳ್ಬೇಕಿತ್ತು, ನಾನು ಮುಖ ನೋಡ್ಬೇಕಿತ್ತು."

ಅಜ್ಜಿ ಗಾಬರಿಯಾದಳು. "ಅಯ್ಯೋ, ಏನಾಯ್ತು ಕೂಸೇ? ಯಾರಾದ್ರೂ ಬೈದ್ರಾ? ನಾನು ಊಟ ಬಿಟ್ಟೆ ಅಂತ ನಿನ್ನ ಬೈದ್ರಾ?" ಸುತ್ತ ನೋಡಿ, ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ಅಳ್ಬೇಡ, ಅಳ್ಬೇಡ. ತಿಂತೀನಿ ತಾಳು. ಇಗೋ ನೋಡು, ತಿಂತಿದೀನಿ." ಬ್ರೆಡ್ಡು ಮುರಿದು ಬಾಯಿಗಿಟ್ಟುಕೊಂಡಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅಗಿಯತೊಡಗಿದಳು.

ಚಿಕ್ಕಮ್ಮ ಅವಳ ಕೈ ಹಿಡಿದಳು. "ಬೇಡ ಅಜ್ಜಿ. ನನಗೋಸ್ಕರ ತಿನ್ಬೇಡಿ."

ಅಜ್ಜಿ ಕಣ್ಣು ಬಿಟ್ಟಳು. ತುತ್ತು ಇನ್ನೂ ಕೆನ್ನೆಯಲ್ಲೇ ಇತ್ತು.

"ಮತ್ತೆ ಯಾರಿಗೋಸ್ಕರ ತಿನ್ಲಿ?" ಎಂದು ಕೇಳಿದಳು, ಕೇಳಿ ಉತ್ತರಕ್ಕೆ ಕಾದಳು.